ಎ ಟೈಮ್ ಟು ಕಿಲ್: ನಮ್ಮ ಆರು ಜನರಲ್ಲೇ ಒಮ್ಮತ ಬರ್ಲಿಲ್ಲ

ನಾವು ಆರು ಜನ ಶಿವಮೊಗ್ಗದಲ್ಲಿ ತಿಂಗಳಿಗೊಂದು ಪುಸ್ತಕ ಅಂತ ಓದ್ತೀವಿ, ಕೊನೇ ಭಾನುವಾರ ಯಾರಾದ್ರೂ ಒಬ್ಬರ ಮನೇಲಿ ಸೇರಿ ಮಾತಾಡ್ತೀವಿ, ಸಾಮಾನ್ಯವಾಗಿ ಒಂದು ಗಂಟೇಲಿ ಮುಗಿದು ಕಾಫಿ ಕುಡಿದು ಹೊರಡೋದು. ಈ ಸಲ ಜಾನ್ ಗ್ರಿಶಮ್ ಬರೆದ ಎ ಟೈಮ್ ಟು ಕಿಲ್ ತಗೊಂಡಿದ್ವಿ, ನಾಲ್ಕು ಗಂಟೆಗೆ ಕೂತವರು ಏಳೋವಾಗ ಎಂಟೂವರೆ. ಮೂರು ಜನಕ್ಕೆ ತುಂಬಾ ಹಿಡಿಸ್ತು, ಇಬ್ಬರಿಗೆ ಸಿಟ್ಟು ಬಂತು, ಒಬ್ಬ ಅರ್ಧಕ್ಕೇ ಬಿಟ್ಟ. ನಾನು ಹಿಡಿಸಿದವರ ಕಡೆ, ಆದ್ರೆ ಸಿಟ್ಟು ಬಂದವರ ಮಾತು ಕೇಳಿದ್ಮೇಲೆ ಪುಸ್ತಕ ಮತ್ತೆ ತೆಗೆದು ಕೆಲವು ಭಾಗ ಎರಡನೇ ಸಲ ಓದಿದೆ, ಅದಕ್ಕೇ ಈ ರಿವ್ಯೂ ಸ್ವಲ್ಪ ಉದ್ದ ಆಗುತ್ತೆ.

ಕಥೆ ಗೊತ್ತಿಲ್ದವರಿಗೆ ಹೇಳ್ಬೇಕು ಅಂದ್ರೆ, ಅಮೆರಿಕದ ದಕ್ಷಿಣದಲ್ಲಿರೋ ಮಿಸಿಸಿಪ್ಪಿ ರಾಜ್ಯ, ಕ್ಲಾಂಟನ್ ಅನ್ನೋ ಕಾಲ್ಪನಿಕ ಊರು. ಹತ್ತು ವರ್ಷದ ಕಪ್ಪು ಹುಡುಗಿ ಟೋನ್ಯಾ ಮೇಲೆ ಇಬ್ಬರು ಬಿಳಿ ಗಂಡಸರು ಅತ್ಯಾಚಾರ ಮಾಡಿ ಸಾಯೋ ಹಾಗೆ ಬಿಟ್ಟು ಹೋಗ್ತಾರೆ. ಸಿಕ್ಕಿಬೀಳ್ತಾರೆ, ಕೋರ್ಟಿಗೂ ಬರ್ತಾರೆ, ಹುಡುಗಿ ಅಪ್ಪ ಕಾರ್ಲ್ ಲೀ ಹೇಲಿ ಕೋರ್ಟ್ ಕಟ್ಟಡದಲ್ಲೇ ಬಚ್ಚಿಟ್ಟುಕೊಂಡಿದ್ದು ಎಂ-16 ಬಂದೂಕಿಂದ ಇಬ್ಬರನ್ನೂ ಹೊಡೆದು ಹಾಕ್ತಾನೆ. ಅವನ ವಕಾಲತ್ತು ಹಿಡಿಯೋನು ಜೇಕ್ ಬ್ರಿಗನ್ಸ್ ಅನ್ನೋ ಚಿಕ್ಕ ವಯಸ್ಸಿನ ಬಿಳಿ ವಕೀಲ. ಮುಂದಿನದೆಲ್ಲ ಆ ಕೇಸು, ಊರಿನ ಎರಡು ಪಾಲು, ಕೂ ಕ್ಲಕ್ಸ್ ಕ್ಲಾನ್ ಅನ್ನೋ ಕಪ್ಪು ಜನರ ಮೇಲೆ ದ್ವೇಷ ಕಾರೋ ಬಿಳಿಯರ ಗುಂಪು ಮತ್ತೆ ಎದ್ದು ಬರೋದು, ಮನೆ ಸುಡೋದು.

ಮೊದಲು ಅರ್ಧಕ್ಕೆ ಬಿಟ್ಟವನ ವಿಷಯ. ಅವನು ಗ್ರಿಶಮ್‌ನದೇ ಇನ್ನೊಂದು ಕಾದಂಬರಿ ದಿ ಫರ್ಮ್ ಓದಿ ಎರಡೇ ರಾತ್ರೀಲಿ ಮುಗಿಸಿದ್ದೋನು, ಇದೂ ಹಾಗೇ ಓಡುತ್ತೆ ಅಂದ್ಕೊಂಡ. ಇದು ಓಡಲ್ಲ ನಿಜ. ಯಾಕಂದ್ರೆ ಇದು ಗ್ರಿಶಮ್‌ನ ಮೊದಲ ಕಾದಂಬರಿ, ಆಗ ಅವನೇ ಮಿಸಿಸಿಪ್ಪಿಯಲ್ಲಿ ಸಣ್ಣ ಪ್ರಾಕ್ಟೀಸ್ ಮಾಡ್ತಿದ್ದ ವಕೀಲ, ಬೆಳಗಿನ ಜಾವ ಎದ್ದು ಕೋರ್ಟಿಗೆ ಹೋಗೋ ಮುಂಚೆ ಬರೀತಿದ್ನಂತೆ, ಮೂರು ವರ್ಷ ಹಿಡೀತು. 1989ರಲ್ಲಿ ಒಂದು ಸಣ್ಣ ಪ್ರಕಾಶಕರು 5,000 ಪ್ರತಿ ಅಚ್ಚು ಹಾಕಿದ್ರು, ಅದ್ರಲ್ಲಿ 1,000 ಪ್ರತಿ ಅವನೇ ಕೊಂಡ್ಕೊಂಡ. 1991ರಲ್ಲಿ ದಿ ಫರ್ಮ್ ಬಂದು ಹೆಸರಾದ್ಮೇಲೇ ಜನ ಇದನ್ನ ಹುಡುಕಿ ಓದಿದ್ದು. ಹಾಗಾಗಿ ಇಲ್ಲಿ ಊರಿನ ಹೋಟೆಲ್ಲು, ವಕೀಲರ ಹರಟೆ, ಜಡ್ಜಿನ ಸಿಡುಕು, ಷೆರಿಫ್ ಆಫೀಸು ಎಲ್ಲಾ ನಿಧಾನಕ್ಕೆ ಬರುತ್ತೆ. ನನಗೆ ಅದೇ ಇಷ್ಟ ಆಯ್ತು, ಥ್ರಿಲ್ಲರ್ ಅಂತ ಹಿಡಿದವರಿಗೆ ನೂರೈವತ್ತನೇ ಪುಟದ ಹೊತ್ತಿಗೆ ಬೇಜಾರು ಬರಬಹುದು.

ನಮ್ಮ ಗುಂಪಲ್ಲಿ ಮೂವತ್ತು ವರ್ಷ ಕ್ರಿಮಿನಲ್ ಸೈಡ್ ಪ್ರಾಕ್ಟೀಸ್ ಮಾಡಿ ನಿಲ್ಲಿಸಿರೋ ಒಬ್ಬರು ಇದಾರೆ, ಎಲ್ರೂ ಲಾಯರ್ ಮಾವ ಅಂತೀವಿ. ಅವ್ರು ಪೂರ್ತಿ ಮನಸೋತಿದ್ರು. "ಜೈಲಲ್ಲಿ ಕೂತು ಕಕ್ಷಿದಾರನ ಜೊತೆ ಫೀಸು ಚೌಕಾಸಿ ಮಾಡ್ತಾನಲ್ಲ, ಅದನ್ನ ವಕೀಲ ಅಲ್ದೋನು ಬರೆಯಕ್ಕಾಗಲ್ಲಮ್ಮಾ" ಅಂದ್ರು. ಕೊನೆಗೆ ಜೇಕ್ ಕೈಗೆ ಸಿಗೋದು ಬರೀ 900 ಡಾಲರು, ಅಷ್ಟಕ್ಕೇ ಅವನ ಮನೆ, ಹೆಂಡತಿ ಮಗಳ ನೆಮ್ಮದಿ ಎಲ್ಲಾ ಹೋಗುತ್ತೆ. ಮಾವಂಗೆ ಇನ್ನೂ ಹಿಡಿಸಿದ್ದು, ಕಾರ್ಲ್ ಲೀಗೆ ಹುಚ್ಚಿರಲಿಲ್ಲ ಅಂತ ಹೇಳೋಕೆ ಬಂದ ಸರ್ಕಾರದ ಕಡೆ ಮನೋವೈದ್ಯನ ಪಾಟೀ ಸವಾಲು. ಆ ಡಾಕ್ಟ್ರು ಕೇಸು ಕೇಸಲ್ಲೂ ಆರೋಪಿಗೆ ಹುಚ್ಚಿಲ್ಲ ಅಂತಾನೇ ಸಾಕ್ಷಿ ಹೇಳ್ಕೊಂಡು ಬಂದಿರೋನು, ಜೇಕ್ ಹಳೇ ಕೇಸುಗಳ ಪಟ್ಟಿ ಹಿಡಿದು ಒಂದೊಂದಾಗಿ ಕೇಳ್ತಾ ಹೋಗ್ತಾನೆ, ನೋಡಿದ್ರೆ ಇವನು ಹುಚ್ಚಿಲ್ಲ ಅಂದವರೇ ಇವನ ಆಸ್ಪತ್ರೇಲೇ ಪೇಷೆಂಟು! ಆ ಜಾಗ ಓದೋವಾಗ ನಾನು ಬಸ್ಸಲ್ಲಿದ್ದೆ, ಇಳಿಯೋ ಸ್ಟಾಪು ಬಿಟ್ಟು ಮುಂದೆ ಹೋದೆ.

ಸಿಟ್ಟು ಬಂದ ಇಬ್ಬರಲ್ಲಿ ಒಬ್ಬರು ಹೈಸ್ಕೂಲ್ ಟೀಚರ್, ನಾವು ಅಕ್ಕ ಅಂತೀವಿ. ಅವರ ಆಕ್ಷೇಪಣೆ ತಳ್ಳಿಹಾಕೋ ಹಾಗಿಲ್ಲ. ಕಪ್ಪು ಜನರನ್ನ ಬೈಯೋ ಆ ಕೆಟ್ಟ ಪದ ಪುಸ್ತಕದ ತುಂಬಾ ಇದೆ, ಖಳರ ಬಾಯಲ್ಲಿ ಮಾತ್ರ ಅಲ್ಲ ಜೇಕ್ ಕಡೆಯವರ ಬಾಯಲ್ಲೂ. ಆ ಊರು ಹಾಗಿತ್ತು ಅಂತ ಒಪ್ಕೊಂಡ್ರೂ, ಕಪ್ಪು ಕುಟುಂಬದ ನೋವಿಂದ ಶುರುವಾಗೋ ಕಥೆ ಬಿಳಿ ವಕೀಲನ ಧೈರ್ಯದ ಕಥೆ ಆಗಿ ಮುಗಿಯುತ್ತೆ ಅನ್ನೋದು ಅಕ್ಕನ ಮಾತು. ಹೆಂಗಸರಂತೂ ಏನು ಮಾಡ್ತಾರೆ, ಜೇಕ್ ಹೆಂಡತಿ ತವರಿಗೆ ಹೋಗ್ತಾಳೆ, ಸಹಾಯಕ್ಕೆ ಬರೋ ಲಾ ಓದ್ತಿರೋ ಹುಡುಗಿ ಎಷ್ಟು ಬುದ್ಧಿವಂತೆ ಆದ್ರೂ ಅವಳು ಏನು ಹಾಕ್ಕೊಂಡ್ಲು ಅನ್ನೋದ್ರ ಮೇಲೇ ಲೇಖಕನ ಕಣ್ಣು, ಕೊನೆಗೆ ಅವಳನ್ನ ಕ್ಲಾನಿನವರು ಎತ್ಕೊಂಡು ಹೋಗಿ ಹಿಂಸೆ ಕೊಡ್ತಾರೆ. ಇದನ್ನ ನಾನು ಮೊದಲ ಸಲ ಓದಿದಾಗ ಗಮನಿಸಿರ್ಲಿಲ್ಲ, ಎರಡನೇ ಸಲ ಕಣ್ಣಿಗೆ ಹೊಡೀತು.

ಆದ್ರೆ ಜೋರು ಗಲಾಟೆ ಆಗಿದ್ದು ಇದಕ್ಕಲ್ಲ, ಅಪ್ಪ ಮಾಡಿದ್ದು ಸರೀನಾ ಅನ್ನೋದಕ್ಕೆ. ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ ಅಂತ ಇಬ್ಬರು ಹೆಣ್ಮಕ್ಕಳ ತಂದೆ ಒಬ್ಬರು ಕಣ್ಣಲ್ಲಿ ನೀರು ಹಾಕ್ಕೊಂಡೇ ಹೇಳಿದ್ರು. ಅದಕ್ಕೆ ಲಾಯರ್ ಮಾವ ನಾಗಪುರದ ವಿಷಯ ತೆಗೆದ್ರು. 2004ರಲ್ಲಿ ಅಲ್ಲಿನ ಕೋರ್ಟ್ ರೂಮಿನೊಳಗೇ ಕಸ್ತೂರ್ಬಾ ನಗರದ ಹೆಂಗಸರ ಗುಂಪು, ವರ್ಷಗಟ್ಟಲೆ ಅತ್ಯಾಚಾರ ಮಾಡ್ಕೊಂಡು ಬಂದಿದ್ದ ರೌಡಿ ಒಬ್ಬನನ್ನ ಕೊಂದು ಹಾಕ್ತು, ಹತ್ತು ವರ್ಷ ಆದ್ಮೇಲೆ ಸಾಕ್ಷಿ ಸಾಲದು ಅಂತ ಆರೋಪಿಗಳೆಲ್ಲ ಬಿಡುಗಡೆ ಆದ್ರು. ಕಾನೂನು ಕೈಕೊಟ್ಟಾಗ ಜನ ಏನು ಮಾಡ್ಬೇಕು ಅಂತ ಮಾವ ಕೇಳಿದಾಗ ಯಾರೂ ಬಾಯಿ ಬಿಡ್ಲಿಲ್ಲ. ಆದ್ರೆ ಕಾರ್ಲ್ ಲೀ ವಿಷಯದಲ್ಲಿ ಕಾನೂನು ಇನ್ನೂ ಕೈಕೊಟ್ಟಿರಲಿಲ್ಲ, ಆರೋಪಿಗಳು ಸಿಕ್ಕಿದ್ರು, ಬೇಲ್ ವಿಚಾರಣೆ ಅಷ್ಟೇ ಆಗಿತ್ತು ಅಂತ ಅಕ್ಕ ನೆನಪಿಸಿದ್ರು. ಅದೂ ಹೌದು.

ಕೊನೆ ಗೊತ್ತಾಗೋದು ಬೇಡ ಅನ್ನೋರು ಮುಂದಿನ ಎರಡು ಪ್ಯಾರಾ ಬಿಟ್ಟು ಕೊನೇದಕ್ಕೆ ಹೋಗಿ.

ಜೇಕ್ ವಾದ ಏನಂದ್ರೆ ಆ ಹೊತ್ತಿಗೆ ಕಾರ್ಲ್ ಲೀಗೆ ತಲೆ ಕೆಟ್ಟಿತ್ತು ಅಂತ. ಅದಕ್ಕೆ ಆಧಾರ ಇಂಗ್ಲೆಂಡಿನ 1843ರ ಮ್ಯಾಕ್‌ನಾಟನ್ ರೂಲು, ಅಂದ್ರೆ ತಲೆ ಕೆಟ್ಟು ತಾನು ಏನು ಮಾಡ್ತಿದೀನಿ, ಅದು ತಪ್ಪಾ ಅಂತ ಗೊತ್ತಾಗದೋನು ಅಪರಾಧಿ ಅಲ್ಲ ಅನ್ನೋದು. ನಮ್ಮ ಹಳೇ ಐಪಿಸಿ (ಭಾರತೀಯ ದಂಡ ಸಂಹಿತೆ) 84ನೇ ಸೆಕ್ಷನ್ನೂ ಅದರಿಂದಾನೇ ಬಂದಿದ್ದು, ಈಗ ಬಿಎನ್‌ಎಸ್‌ನಲ್ಲಿ (ಭಾರತೀಯ ನ್ಯಾಯ ಸಂಹಿತೆ) 22. ಆದ್ರೆ ಅವನು ವಿಯೆಟ್ನಾಂ ಯುದ್ಧದಲ್ಲಿ ಜೊತೆಗಿದ್ದ ಹಳೇ ಗೆಳೆಯನ ಹತ್ರ ಬಂದೂಕು ತರಿಸಿದಾನೆ, ಜಾಗ ನೋಡ್ಕೊಂಡು ಬಂದಿದಾನೆ, ತಲೆ ನೆಟ್ಟಗಿರೋನೇ ಮಾಡೋ ತಯಾರಿ ಅದು, ಜೇಕ್‌ಗೂ ಗೊತ್ತು ಓದೋ ನಮಗೂ ಗೊತ್ತು. ಇಲ್ಲಾಗಿದ್ರೆ ಏನಾಗ್ತಿತ್ತು ಅಂದಿದ್ದಕ್ಕೆ ಮಾವ ನಾನಾವತಿ ಕೇಸ್ ಹೇಳಿದ್ರು, ಹೆಂಡತಿಯ ಪ್ರಿಯಕರನನ್ನ ಗುಂಡಿಟ್ಟು ಕೊಂದ ನೌಕಾಪಡೆ ಅಧಿಕಾರಿಯ ಕೇಸು: 1959ರಲ್ಲಿ ಬಾಂಬೆ ಜೂರಿ (ತಪ್ಪಿದೆಯಾ ಇಲ್ವಾ ಅಂತ ಹೇಳೋಕೆ ಕೂರಿಸೋ ಸಾಮಾನ್ಯ ಜನ) 8-1ರಲ್ಲಿ ನಿರಪರಾಧಿ ಅಂತು, ಜಡ್ಜ್ ಒಪ್ಪದೆ ಹೈಕೋರ್ಟಿಗೆ ಕಳಿಸಿದ್ರು, ಅಲ್ಲಿ ಜೀವಾವಧಿ ಆಯ್ತು, 1961ರಲ್ಲಿ ಸುಪ್ರೀಂ ಕೋರ್ಟೂ ಎತ್ತಿ ಹಿಡೀತು, ಹೆಂಡತಿ ಮಕ್ಕಳನ್ನ ಸಿನಿಮಾಕ್ಕೆ ಬಿಟ್ಟು ಹಡಗಿಗೆ ಹೋಗಿ ರಿವಾಲ್ವರ್ ತಗೊಂಡು ಬರೋಷ್ಟರಲ್ಲಿ ಮನಸ್ಸು ತಣ್ಣಗಾಗೋಕೆ ಟೈಮ್ ಇತ್ತು ಅಂತ. ಆ ಲೆಕ್ಕಕ್ಕೆ ಕಾರ್ಲ್ ಲೀಗೆ ಟೈಮು ಕೆಲವು ಗಂಟೆ ಅಲ್ಲ, ದಿನಗಳೇ ಇತ್ತು. ಕಾದಂಬರಿಯಲ್ಲಿ ಹನ್ನೆರಡೂ ಜನ ಬಿಳಿ ಜೂರಿ ಅವನನ್ನ ಬಿಟ್ಟುಬಿಡ್ತಾರೆ. ಆ ಹುಡುಗಿ ಬಿಳಿ ಆಗಿದ್ರೆ ಅಂತ ಕಣ್ಮುಚ್ಚಿ ಕಲ್ಪಿಸ್ಕೊಳ್ಳಿ ಅನ್ನೋ ಮಾತು ಪುಸ್ತಕದಲ್ಲಿ ಬರೋದು ಜೂರಿ ಕೋಣೆಯೊಳಗೆ, ಒಬ್ಬ ಹೆಂಗಸಿನ ಬಾಯಲ್ಲಿ. 1996ರ ಸಿನಿಮಾದವರು ಅದನ್ನ ಎತ್ತಿ ಜೇಕ್‌ನ ಕೊನೇ ಭಾಷಣಕ್ಕೆ ಹಾಕಿದ್ರು. ಸಿನಿಮಾ ನೋಡಿ ಬಂದವರು ಪುಸ್ತಕದ ಕೊನೆ ಸಪ್ಪೆ ಅಂದ್ರು, ನನಗೆ ಪುಸ್ತಕದ್ದೇ ಸರಿ ಅನ್ಸುತ್ತೆ. ವಕೀಲನ ಮಾತಿಗೆ ಜನ ಕರಗಿದ್ರು ಅನ್ನೋದಕ್ಕಿಂತ, ಆ ಊರಿನ ಬಿಳಿ ಹೆಂಗಸೇ ತನ್ನ ಅಕ್ಕಪಕ್ಕ ಕೂತವರನ್ನ ಕೇಳಿದ್ಲು ಅನ್ನೋದ್ರಲ್ಲಿ ಹೆಚ್ಚು ಸತ್ಯ ಇದೆ.

ಎರಡನೇ ಸಲ ಓದಿದಾಗ ನನ್ನನ್ನ ಕಾಡಿದ್ದು ಮಾತ್ರ ಬೇರೇನೇ, ಆವತ್ತು ನಾಲ್ಕೂವರೆ ಗಂಟೆ ಮಾತಾಡಿದ ನಾವ್ಯಾರೂ ಎತ್ತಲೇ ಇಲ್ಲ. ಗ್ರಿಶಮ್ ಈ ಕಥೆ ಬರೆಯೋಕೆ ಕಾರಣ, ಒಂದಿನ ಅವನ ಜಿಲ್ಲೆಯ ಕೋರ್ಟಲ್ಲಿ ಅತ್ಯಾಚಾರಕ್ಕೆ ಒಳಗಾದ ಒಬ್ಬ ಹುಡುಗಿ ಕಟಕಟೇಲಿ ನಿಂತು ಸಾಕ್ಷಿ ಹೇಳಿದ್ದನ್ನ ಕೇಳಿದ್ದು, ಅವಳಪ್ಪ ಅತ್ಯಾಚಾರ ಮಾಡಿದವರನ್ನ ಕೊಂದಿದ್ರೆ ಏನಾಗ್ತಿತ್ತು ಅಂತ ಯೋಚನೆ ಬಂದಿದ್ದು. ಒಂದು ಮಗುವಿನ ದನಿಯಿಂದ ಹುಟ್ಟಿದ ಪುಸ್ತಕ ಇದು. ಆದ್ರೆ ಐನೂರು ಪುಟದ ಹತ್ತಿರ ಇರೋ ಈ ಪುಸ್ತಕದಲ್ಲಿ ಟೋನ್ಯಾ ಏನು ಅಂದ್ಕೊಂಡ್ಲು, ಅಪ್ಪ ಜೈಲಲ್ಲಿರೋವಾಗ ರಾತ್ರಿ ಹೇಗೆ ಮಲಗಿದ್ಲು, ಅಪ್ಪ ಕೊಂದಿದ್ದು ಅವಳಿಗೆ ಸಮಾಧಾನ ಕೊಡ್ತಾ ಭಯ ಕೊಡ್ತಾ, ಹೆಚ್ಚೇನೂ ಗೊತ್ತಾಗಲ್ಲ. ಮೊದಲ ಅಧ್ಯಾಯ ಆದ್ಮೇಲೆ ಎಲ್ಲರೂ ಅವಳ ಬಗ್ಗೆ ಮಾತಾಡ್ತಾರೆ, ಅವಳು ಮಾತಾಡೋದು ತೀರಾ ಕಮ್ಮಿ. ನನ್ನ ಮಟ್ಟಿಗೆ ಈ ಪುಸ್ತಕದ ದೊಡ್ಡ ಕೊರತೆ ಇದು.

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಇಂಗ್ಲಿಷ್ ಕಷ್ಟ ಇಲ್ಲ, ನಾನು ಕನ್ನಡ ಮೀಡಿಯಂ, ಡಿಕ್ಷನರಿ ತೆಗೆದಿದ್ದು ತುಂಬಾ ಕಮ್ಮಿ. ಮೊದಲ ಅಧ್ಯಾಯ ಓದೋಕೆ ಬಹಳ ಸಂಕಟ ಆಗುತ್ತೆ, ಆಗಲ್ಲ ಅಂದ್ರೆ ಬಿಟ್ಟು ಎರಡರಿಂದ ಶುರು ಮಾಡಿ, ಕಥೆ ತಪ್ಪಲ್ಲ. ಹೈಸ್ಕೂಲ್ ಮಕ್ಕಳ ಕೈಗೆ ದಯವಿಟ್ಟು ಕೊಡ್ಬೇಡಿ. ಜೇಕ್ ಇಷ್ಟ ಆದ್ರೆ 2013ರಲ್ಲಿ ಬಂದ ಸಿಕಮೋರ್ ರೋ, 2020ರ ಎ ಟೈಮ್ ಫಾರ್ ಮರ್ಸಿ ಎರಡರಲ್ಲೂ ಅವನೇ ಇದಾನೆ. ನಾನು ಕೊಂಡಿದ್ದು ಸೆಕೆಂಡ್ ಹ್ಯಾಂಡ್ ಕಾಪಿ, ಅಕ್ಷರ ತೀರಾ ಸಣ್ಣದು, ಕಣ್ಣಿನ ತೊಂದರೆ ಇರೋರು ದೊಡ್ಡ ಸೈಜಿನದ್ದೇ ತಗೊಳ್ಳಿ. ಆ ಕಾಪಿ ಈಗ ಅಕ್ಕನ ಹತ್ರ ಇದೆ, ಟೋನ್ಯಾ ಬಾಯಿ ಬಿಡೋ ಜಾಗಗಳಿಗೆಲ್ಲ ಪೆನ್ಸಿಲ್ ಗುರುತು ಹಾಕಿ ಕೊಡ್ತೀನಿ ಅಂದಿದಾರೆ.