ಕಾಲಿನ ಊತಕ್ಕೆ ಸ್ಟಾಕಿಂಗ್ಸಾ, ದಿಂಬಾ?

ಕಿಡ್ನಿ ತೊಂದರೆಯಿಂದ ನಮ್ಮ ಅವ್ವನ ಪಾದ ಸಂಜೆಗೆ ಊದುತ್ತದೆ. ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿದರೆ ಇನ್ನೂ ಜಾಸ್ತಿ.

ಓಡಾಡುವವರಿಗೆ ಬಿಗಿ ಸ್ಟಾಕಿಂಗ್ಸ್ (ಕಾಲನ್ನು ಒತ್ತಿ ಹಿಡಿಯುವ ಉದ್ದ ಕಾಲುಚೀಲ) ಒಳ್ಳೆಯದು. ಆದರೆ ಬೆಳಿಗ್ಗೆ, ಬಾವು ಏರುವ ಮೊದಲೇ ಹಾಕಬೇಕು. ಅಳತೆ ತಪ್ಪಿದರೆ ಮಡಿಕೆ ಬಿದ್ದು ಚರ್ಮ ಕೊರೆಯುತ್ತದೆ. ಈ ಸೆಕೆಯಲ್ಲಿ ಅದನ್ನು ಏರಿಸುವುದೇ ಒಂದು ಕುಸ್ತಿ! ಕಾಲಿನ ರಕ್ತನಾಳ ಕಟ್ಟಿದವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರು ಡಾಕ್ಟರನ್ನು ಕೇಳದೆ ಹಾಕಲೇಬಾರದು.

ದಿಂಬಿಗೆ ಖರ್ಚಿಲ್ಲ. ಮಲಗಿ, ಕಾಲನ್ನು ಎದೆಗಿಂತ ಎತ್ತರಕ್ಕಿಟ್ಟು 15-20 ನಿಮಿಷ, ದಿನಕ್ಕೆ 3-4 ಸಲ. ಮನೆಯಲ್ಲೇ ಇರುವವರಿಗೆ ನನ್ನ ಓಟು ಇದಕ್ಕೇ. ಹೃದಯದ ತೊಂದರೆಯಿಂದ ಮಲಗಿದರೆ ಉಸಿರುಗಟ್ಟುವವರಿಗೆ ಇದು ಬೇಡ.

ಒಂದೇ ಕಾಲು ಏಕಾಏಕಿ ಊದಿ ನೋಯುತ್ತಿದ್ದರೆ ಎರಡನ್ನೂ ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ.