ಒಂದೇ ರೈಫಲ್, ನಾಲ್ಕು ಬಗೆಯ ಹಿತ್ತಾಳೆ

ನನ್ನ ರೈಫಲ್ 7 ಎಂಎಂ-08 ರೆಮಿಂಗ್ಟನ್. ಒಳ್ಳೆಯ ತೋಟಾ. ತೋಟಾದ ಹಿತ್ತಾಳೆ ಕೊಳವೆಗೆ, ಅಂದರೆ ಕೇಸಿಗೆ, ಮದ್ದು ಮತ್ತು ಗುಂಡನ್ನು ನಾನೇ ತುಂಬಿ ಹಾರಿಸುತ್ತೇನೆ, ಹಾರಿಸಿದ ಮೇಲೆ ಅದೇ ಕೇಸನ್ನು ಮತ್ತೆ ತುಂಬುತ್ತೇನೆ. ಆದರೆ ಇದರ ಖಾಲಿ ಕೇಸ್ ಹುಡುಕುವುದೇ ಒಂದು ತಲೆನೋವು. .308 ವಿಂಚೆಸ್ಟರ್ ಕೇಸ್ ರಾಶಿ ರಾಶಿ ಸಿಗುತ್ತದೆ, .243 ಕೂಡ ಸಿಗುತ್ತದೆ, ನನಗೆ ಬೇಕಾದ್ದು ಮಾತ್ರ ಯಾವಾಗಲೂ ಮುಗಿದಿರುತ್ತದೆ. ಸಮಾಧಾನ ಏನೆಂದರೆ ಇವೆಲ್ಲ ಒಂದೇ ತಾಯಿಯ ಮಕ್ಕಳು. 1952ರಲ್ಲಿ .308 ಬಂತು. ಅದರ ಕತ್ತನ್ನು ಕಿರಿದು ಮಾಡಿ 1955ರಲ್ಲಿ .243 ತಂದರು, 1980ರಲ್ಲಿ 7 ಎಂಎಂ-08 ತಂದರು. ಬುಡ ಒಂದೇ, ಹೊಟ್ಟೆ ಒಂದೇ, ಭುಜದ 20 ಡಿಗ್ರಿ ಇಳಿಜಾರೂ ಒಂದೇ. ಬೇರೆ ಇರುವುದು ಗುಂಡನ್ನು ಹಿಡಿಯುವ ಕತ್ತು ಮಾತ್ರ. ಹಾಗಾದರೆ ಕತ್ತನ್ನು ನಾವೇ ಮಾಡಿಕೊಂಡರಾಯ್ತು, ಅಲ್ವಾ?

ಮಾಡಿಕೊಳ್ಳಬಹುದು. ಆದರೆ ಎಷ್ಟು ಕೆಲಸ, ಎಷ್ಟು ಬಾಳಿಕೆ ಅಂತ ಲೆಕ್ಕ ಹಾಕಲು ನಾಲ್ಕು ಬಗೆಯ ಹಿತ್ತಾಳೆ ತಂದು ಒಂದೇ ರೈಫಲ್‌ನಲ್ಲಿ ಹೋಲಿಸಿ ನೋಡಿದೆ. ಪ್ರತಿಯೊಂದರಲ್ಲೂ 20 ಕೇಸ್. ಮೊದಲನೆಯದು 7 ಎಂಎಂ-08 ಅಂತಲೇ ಬುಡದಲ್ಲಿ ಮುದ್ರೆ ಇರುವ ದುಬಾರಿ ಕೇಸ್. ಎರಡನೆಯದು ಅದೇ ಮುದ್ರೆಯ, ಚೀಲದಲ್ಲಿ ಸುರಿದು ಮಾರುವ ಅಗ್ಗದ ಮಾಲು. ಮೂರನೆಯದು ಒಮ್ಮೆ ಹಾರಿಸಿದ ಮಿಲಿಟರಿ 7.62×51 (.308ರದೇ ಸೇನೆಯ ರೂಪ), ಕತ್ತು ಕಿರಿದು ಮಾಡಿದ್ದು. ನಾಲ್ಕನೆಯದು .243, ಕತ್ತು ಹಿಗ್ಗಿಸಿದ್ದು. ನನಗೆ ತೊಂದರೆ ಕೊಟ್ಟ ಕಂಪನಿಗಳ ಹೆಸರು ಹೇಳುವುದಿಲ್ಲ. ಒಂದು ಚೀಲ ಕೆಟ್ಟದ್ದು ಬಂತು ಅಂತ ಇಡೀ ಕಾರ್ಖಾನೆಯನ್ನು ಬೈಯುವುದು ಸರಿಯಲ್ಲ.

ಮೊದಲು ತೂಕ. ಎಲ್ಲವನ್ನೂ ತೊಳೆದು ಒಣಗಿಸಿ ಒಂದೊಂದಾಗಿ ತಕ್ಕಡಿಗೆ ಇಟ್ಟೆ. ದುಬಾರಿ ಕೇಸ್ ಸರಾಸರಿ 11.1 ಗ್ರಾಂ. ಅತಿ ಹಗುರಕ್ಕೂ ಅತಿ ಭಾರಕ್ಕೂ ವ್ಯತ್ಯಾಸ 0.07 ಗ್ರಾಂ ಅಷ್ಟೇ. ಅಗ್ಗದ್ದು ಸರಾಸರಿ 10.4, ವ್ಯತ್ಯಾಸ 0.26. ಮಿಲಿಟರಿಯದ್ದು 11.7 ಗ್ರಾಂ, ಕೈಗೆ ತೆಗೆದುಕೊಂಡಾಗಲೇ ಗಟ್ಟಿ ಅನ್ನಿಸುತ್ತದೆ.

ತೂಕ ನೋಡುವುದು ಚಂದಕ್ಕಲ್ಲ. ಹೊರಗಿನ ಅಳತೆ ಎಲ್ಲಕ್ಕೂ ಒಂದೇ, ಹಾಗಾಗಿ ಹಿತ್ತಾಳೆ ಜಾಸ್ತಿ ಇದ್ದರೆ ಒಳಗಿನ ಜಾಗ ಕಡಿಮೆ. ಹಿತ್ತಾಳೆಯ ಸಾಂದ್ರತೆ ನೀರಿನ ಎಂಟೂವರೆ ಪಟ್ಟು. ಅಗ್ಗದ ಕೇಸಿಗೂ ಮಿಲಿಟರಿ ಕೇಸಿಗೂ ಇರುವ 1.3 ಗ್ರಾಂ ವ್ಯತ್ಯಾಸ ಅಂದರೆ ಒಳಗೆ ಹತ್ತಿರ ಹತ್ತಿರ 0.15 ಮಿಲಿಲೀಟರ್ ಜಾಗ ಹೋಯಿತು. ಇಡೀ ಕೇಸಿನಲ್ಲಿ ಹಿಡಿಯುವುದೇ ಮೂರೂವರೆ ಮಿಲಿಲೀಟರಿಗೆ ಸ್ವಲ್ಪ ಕಡಿಮೆ. ಒಂದು ಕೇಸಿನಲ್ಲಿ ಹಾಯಾಗಿದ್ದ ಮದ್ದು ಇನ್ನೊಂದರಲ್ಲಿ ಮಿತಿ ಮೀರಿದ ಒತ್ತಡ ಕೊಡಬಹುದು. ಅದಕ್ಕೇ ನಾಲ್ಕನ್ನೂ ಬೇರೆ ಬೇರೆ ಇಟ್ಟು, ಪ್ರತಿಯೊಂದಕ್ಕೂ ಮದ್ದು ತುಂಬುವ ಕೈಪಿಡಿಯ ಕನಿಷ್ಠ ಅಳತೆಯಿಂದಲೇ ಶುರು ಮಾಡಿದೆ. ಕೊನೆಗೆ ಅದೇ ವೇಗಕ್ಕೆ ಮಿಲಿಟರಿ ಕೇಸಿಗೆ ಎಲ್ಲಕ್ಕಿಂತ ಕಡಿಮೆ ಮದ್ದು ಸಾಕಾಯಿತು. ನಾಲ್ಕನ್ನೂ ಒಂದೇ ಡಬ್ಬಿಗೆ ಸುರಿದಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಳ್ಳಲೂ ಇಷ್ಟವಿಲ್ಲ.

ದುಬಾರಿ ಕೇಸಿನ ಬಗ್ಗೆ ಬರೆಯಲು ಜಾಸ್ತಿ ಇಲ್ಲ, ಅದೇ ಅದರ ಗುಣ. ಪೊಟ್ಟಣ ಬಿಚ್ಚಿದಾಗ ಕತ್ತಿನ ಬಳಿ ನೀಲಿ-ಕಂದು ಬಣ್ಣದ ಕಲೆ ಇತ್ತು. ಹೊಸಬರು ಇದನ್ನು ನೋಡಿ ಹಳೇ ಮಾಲು ಅಂದುಕೊಳ್ಳುತ್ತಾರೆ. ಅದು ಕಾರ್ಖಾನೆಯಲ್ಲಿ ಕತ್ತನ್ನು ಕಾಯಿಸಿ ಹದ ಮಾಡಿದ ಗುರುತು. ಕೆಲವರು ಅದನ್ನು ಪಾಲಿಷ್ ಮಾಡಿ ಅಳಿಸುತ್ತಾರೆ, ಕೆಲವರು ಹಾಗೇ ಬಿಡುತ್ತಾರೆ. ಬಾಯಿಯ ಅಂಚು ಒರೆಸಿ, ಒಂದು ಸಲ ಡೈಗೆ (ಕೇಸನ್ನು ಸರಿ ಅಳತೆಗೆ ತರುವ ಉಕ್ಕಿನ ಅಚ್ಚು) ಹಾಕಿ, ನೇರ ಕೆಲಸಕ್ಕೆ ಇಳಿಸಿದೆ. ಹತ್ತು ಸಲ ತುಂಬಿ ಹಾರಿಸಿದ ಮೇಲೂ ಮದ್ದಿಗೆ ಬೆಂಕಿ ಹೊತ್ತಿಸುವ ಪುಟ್ಟ ಪ್ರೈಮರ್ ಬುಡದ ಗುಳಿಯಲ್ಲಿ ಬಿಗಿಯಾಗಿಯೇ ಕೂರುತ್ತಿದೆ.

ಅಗ್ಗದ್ದರಲ್ಲಿ ಕೆಲಸ ಹಿಡಿಯಿತು. ಮೂರು ಕೇಸಿನ ಬಾಯಿ ಚೀಲದಲ್ಲೇ ಜಜ್ಜಿಹೋಗಿತ್ತು. ಪ್ರೈಮರ್‌ನ ಬೆಂಕಿ ಒಳಗೆ ಹೋಗುವ ತೂತಿನ ಒಳಬದಿಯಲ್ಲಿ ಚೂರು ಚೂರು ಹಿತ್ತಾಳೆ ಎದ್ದು ನಿಂತಿತ್ತು, ಅದನ್ನೆಲ್ಲ ಒಂದೊಂದಾಗಿ ಕೆರೆದು ತೆಗೆಯಬೇಕಾಯಿತು. ಕತ್ತಿನ ಗೋಡೆ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು. ಲೇತ್ ಕೆಲಸದವರು ಹೇಳುವ ಹಾಗೆ ಎರಡು ಮೂರು 'ಥೌ' ವ್ಯತ್ಯಾಸ, ಅಂದರೆ 0.05ರಿಂದ 0.08 ಮಿಲಿಮೀಟರ್. ಹೀಗಿದ್ದರೆ ಗುಂಡು ನಡುಮಧ್ಯೆ ಕೂರುವುದಿಲ್ಲ. ಅಷ್ಟಾದರೂ ತೂಕ ನೋಡಿ ಆರಿಸಿದ ಹತ್ತು ಕೇಸು 100 ಮೀಟರಿನಲ್ಲಿ ಗುರಿಹಲಗೆಯ ಮೇಲೆ ದುಬಾರಿಯದರಷ್ಟೇ ಚಿಕ್ಕ ಗುಂಪು ಕೊಟ್ಟವು. ಇದು ನನಗೇ ಆಶ್ಚರ್ಯ. ವ್ಯತ್ಯಾಸ ಕಂಡದ್ದು ವೇಗ ಅಳೆಯುವ ಯಂತ್ರದಲ್ಲಿ. ದುಬಾರಿಯದರಲ್ಲಿ ಹತ್ತು ಗುಂಡುಗಳ ವೇಗ ಸೆಕೆಂಡಿಗೆ 7 ಮೀಟರಿನ ಒಳಗೇ ಇತ್ತು, ಅಗ್ಗದ್ದರಲ್ಲಿ 17 ಮೀಟರ್ ಹರಡಿತ್ತು. ನೂರು ಮೀಟರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ, ಐನೂರಕ್ಕೆ ಖಂಡಿತ ಬರುತ್ತದೆ. ಇನ್ನು ಬಾಳಿಕೆ: ಆರನೇ ಸಲಕ್ಕೆ ಪ್ರೈಮರ್ ಹೆಬ್ಬೆರಳ ಒತ್ತಿಗೇ ಒಳಗೆ ಹೋಗುವಷ್ಟು ಗುಳಿ ಸಡಿಲವಾಯಿತು. ಅಂಥ ಕೇಸ್ ಗುಜರಿಗೆ.

ಈಗ ಮಿಲಿಟರಿ ಕೇಸ್. ನನಗೆ ಅತಿ ಹೆಚ್ಚು ಪಾಠ ಕಲಿಸಿದ್ದು ಇದೇ.

ಮೊದಲ ಕಿರಿಕಿರಿ ಪ್ರೈಮರ್. ಯುದ್ಧದ ತೋಟಾದಲ್ಲಿ ಪ್ರೈಮರ್ ಜಾರಬಾರದು ಅಂತ ಸುತ್ತಲಿನ ಹಿತ್ತಾಳೆಯನ್ನು ಒತ್ತಿ ಬಿಗಿ ಮಾಡಿರುತ್ತಾರೆ. ಹಳೇ ಪ್ರೈಮರ್ ತೆಗೆದ ಮೇಲೆ ಆ ಒತ್ತಿದ ಅಂಚನ್ನು ಸವರಬೇಕು ಅಥವಾ ಒತ್ತಿ ಹಿಂದಕ್ಕೆ ಸರಿಸಬೇಕು. ಬಿಟ್ಟರೆ ಹೊಸ ಪ್ರೈಮರ್ ಸೊಟ್ಟಗೆ ಸಿಕ್ಕಿಕೊಳ್ಳುತ್ತದೆ.

ಎರಡನೆಯದು, ಅದು ಯಾವ ಬಂದೂಕಿನಿಂದ ಬಂದದ್ದು ಅನ್ನುವುದು. ಮೆಷಿನ್ ಗನ್ನಿನ ಚೇಂಬರ್, ಅಂದರೆ ತೋಟಾ ಕೂರುವ ಜಾಗ, ಸಡಿಲ. ಅಲ್ಲಿ ಹಾರಿದ ಕೇಸಿನ ಭುಜ ಮುಂದಕ್ಕೆ ಹೋಗಿರುತ್ತದೆ, ಬುಡದ ಹತ್ತಿರ ಗೋಡೆ ಎಳೆದು ತೆಳುವಾಗಿರುತ್ತದೆ. ನಾವು ಡೈಗೆ ಹಾಕಿ ಭುಜವನ್ನು ಹಿಂದಕ್ಕೆ ತಳ್ಳುತ್ತೇವೆ, ಹಾರಿಸಿದಾಗ ಅದು ಮತ್ತೆ ಮುಂದಕ್ಕೆ ಹೋಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೇ. ಭುಜವನ್ನು 0.03ರಿಂದ 0.05 ಮಿಲಿಮೀಟರ್ ಮಾತ್ರ ಹಿಂದಕ್ಕೆ ತಳ್ಳಿದರೆ ಕೇಸು ಬಹಳ ದಿನ ಬರುತ್ತದೆ. ಮಿಲಿಟರಿ ಕೇಸಿಗೆ ಮೊದಲ ಸಲ ಅದರ ಎಷ್ಟೋ ಪಟ್ಟು ತಳ್ಳಲೇಬೇಕು, ಬೇರೆ ದಾರಿ ಇಲ್ಲ.

ಮೂರನೆಯದು ನನ್ನದೇ ತಪ್ಪು. ಕತ್ತನ್ನು ಕಿರಿದು ಮಾಡುವಾಗ, ಕೇಸನ್ನು ಡೈಯೊಳಗೆ ತಳ್ಳುವ ಪ್ರೆಸ್ಸಿನ ಮೇಲೆ ಸಾಮಾನ್ಯಕ್ಕಿಂತ ಜಾಸ್ತಿ ಬಲ ಬೀಳುತ್ತದೆ. ಮೇಣದಂಥ ಜಿಡ್ಡನ್ನು ಬೆರಳಲ್ಲಿ ತೆಗೆದು ಕೇಸಿನ ಹೊಟ್ಟೆಗೆ ತೆಳ್ಳಗೆ ಸವರಬೇಕು. ಹನ್ನೊಂದು ಚೆನ್ನಾಗಿ ಬಂದವು. ಹನ್ನೆರಡನೆಯದಕ್ಕೆ ಬೆರಳಲ್ಲಿ ಉಳಿದದ್ದೇ ಸಾಕು ಅಂದುಕೊಂಡು ಹಾಗೇ ತಳ್ಳಿದೆ. ಮುಕ್ಕಾಲು ಭಾಗ ಹೋಗಿ ನಿಂತಿತು. ಹಿಡಿಕೆ ಮೇಲೆತ್ತಿದೆ, 'ಟಕ್' ಅಂತ ಸದ್ದು ಬಂತು. ಪ್ರೆಸ್ ಹಿಡಿದುಕೊಂಡಿದ್ದ ಬುಡದ ಅಂಚು ಕಿತ್ತು ಬಂತು, ಕೇಸು ಡೈಯೊಳಗೇ ಉಳಿಯಿತು. ಆಮೇಲೆ ಬುಡಕ್ಕೆ ತೂತು ಕೊರೆದು, ಅದರೊಳಗೆ ತಿರುಪಿನ ಸುತ್ತು ಕೊರೆದು, ಬೋಲ್ಟ್ ತಿರುಗಿಸಿ ಎಳೆದು ತೆಗೆಯುವಷ್ಟರಲ್ಲಿ ಸಂಜೆಯೇ ಹೋಯಿತು. ಮಾರನೆಯ ದಿನ ಹೆದರಿ ಜಿಡ್ಡು ಧಾರಾಳವಾಗಿ ಬಳಿದೆ. ಆಗ ಭುಜದ ಮೇಲೆ ಚಮಚದಿಂದ ಒತ್ತಿದ ಹಾಗೆ ತಗ್ಗು ಬಿತ್ತು. ಜಾಗ ಇಲ್ಲದ ಜಿಡ್ಡು ಹಿತ್ತಾಳೆಯನ್ನೇ ಒಳಕ್ಕೆ ಒತ್ತುತ್ತದೆ. ಹೊಟ್ಟೆಗೆ ಸ್ವಲ್ಪ, ಭುಜಕ್ಕೆ ಏನೂ ಬೇಡ, ಕತ್ತಿಗೆ ಬರೀ ಸೋಕಿದಷ್ಟು. ಇದನ್ನು ಕಲಿಯಲು ನನಗೆ ಎರಡು ದಿನ ಮತ್ತು ಮೂರು ಕೇಸು ಹಿಡಿಯಿತು.

ರೂಪ ಕೊಟ್ಟಾದ ಮೇಲೆ ಅಳತೆ. ಕತ್ತು ಕಿರಿದಾದಾಗ ಅದರ ಗೋಡೆ ದಪ್ಪವಾಗುತ್ತದೆ, ಹಿತ್ತಾಳೆ ಎಲ್ಲಿಗೂ ಮಾಯವಾಗುವುದಿಲ್ಲವಲ್ಲ. ಗುಂಡು ಕೂರಿಸಿದ ಮೇಲೆ ಕತ್ತಿನ ಹೊರ ಅಳತೆ 8.00 ಮಿಲಿಮೀಟರ್ ದಾಟಬಾರದು ಅನ್ನುವುದು ಈ ತೋಟಾದ ಮಿತಿ. ದಾಟಿದರೆ ಚೇಂಬರಿನಲ್ಲಿ ಕತ್ತು ಹಿಗ್ಗಲು ಜಾಗ ಇರದೆ ಗುಂಡು ಬಿಡುಗಡೆಯಾಗುವುದಿಲ್ಲ, ಒತ್ತಡ ಎಲ್ಲಿಗೋ ಏರುತ್ತದೆ. ನನ್ನ ಕೇಸುಗಳಲ್ಲಿ ನಾಲ್ಕು ಈ ಅಂಚಿಗೇ ಬಂದಿದ್ದವು, ಕತ್ತನ್ನು ಹೊರಗಿನಿಂದ ಸವರಿ ತೆಳು ಮಾಡಿದೆ. ಉದ್ದ ಮಾತ್ರ ಸ್ವಲ್ಪ ಗಿಡ್ಡ. .308ರ ಗರಿಷ್ಠ ಉದ್ದ 51.18, ನಮ್ಮದು 51.69. ಕತ್ತು ಕಿರಿದಾಗುವಾಗ ಕೊಂಚ ಬೆಳೆದರೂ ಪೂರ್ತಿ ಸಾಲದು. ಅಪಾಯ ಇಲ್ಲ, ಚೇಂಬರಿನ ತುದಿಯಲ್ಲಿ ಮಸಿ ಕಟ್ಟುತ್ತದೆ, ಆಗಾಗ ಉಜ್ಜಬೇಕು.

ಐದನೇ ಸಲ ಹಾರಿಸಿದ ಮೇಲೆ ಎರಡು ಕೇಸಿನ ಬುಡದಿಂದ ಬೆರಳಗಲ ಮೇಲೆ ಹೊಳೆಯುವ ಉಂಗುರ ಕಂಡಿತು. ಪೇಪರ್ ಕ್ಲಿಪ್ಪನ್ನು ನೆಟ್ಟಗೆ ಮಾಡಿ, ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ಒಳಗೆ ಬಿಟ್ಟು ಗೋಡೆಯ ಮೇಲೆ ಎಳೆದೆ. ಉಂಗುರದ ಜಾಗಕ್ಕೆ ಬಂದಾಗ ಕೊಕ್ಕೆ ಗುಳಿಗೆ ಬಿದ್ದು ತಡೆಯಿತು. ಒಳಗೆ ಆಗಲೇ ಸೀಳು ಶುರುವಾಗಿತ್ತು. ಇನ್ನೊಂದು ಸಲ ಹಾರಿಸಿದ್ದರೆ ಕೇಸು ಎರಡು ತುಂಡಾಗುವ ಸಾಧ್ಯತೆ ಇತ್ತು.

.243 ಮೇಲ್ನೋಟಕ್ಕೆ ಸುಲಭ. ಅದು 51.94 ಮಿಲಿಮೀಟರ್ ಉದ್ದ, ಕತ್ತು ಹಿಗ್ಗಿಸಿದರೆ ಸ್ವಲ್ಪ ಗಿಡ್ಡವಾಗಿ ನಮಗೆ ಬೇಕಾದ ಅಳತೆಗೇ ಬಂದು ನಿಲ್ಲುತ್ತದೆ. ಡೈಯಲ್ಲಿ ಸಿಕ್ಕಿಕೊಳ್ಳುವ ಭಯವೂ ಕಡಿಮೆ. ಆದರೆ ಮೊದಲ ಹತ್ತನ್ನು ಕಾಯಿಸದೆ ಹಿಗ್ಗಿಸಿದೆ, ಮೂರರ ಕತ್ತು ಉದ್ದಕ್ಕೆ ಸೀಳಿತು. ಉಳಿದ ಹತ್ತನ್ನು ಕಾಯಿಸಿ ಹದ ಮಾಡಿ ಹಿಗ್ಗಿಸಿದೆ, ಒಂದೂ ಸೀಳಲಿಲ್ಲ.

ಆದರೂ ನನಗೆ ಈ ದಾರಿ ಹಿಡಿಸಲಿಲ್ಲ, ಕಾರಣ ಒಳಗಿನ ಬಳೆ. ಕತ್ತು ಹಿಗ್ಗಿದಾಗ ಹಳೇ ಭುಜದ ಮೇಲ್ಭಾಗ ಹೊಸ ಕತ್ತಿನ ಕೆಳಭಾಗವಾಗುತ್ತದೆ. ಲೆಕ್ಕ ಹಾಕಿದರೆ ಸುಮಾರು 1.4 ಮಿಲಿಮೀಟರ್. ಭುಜದ ಹಿತ್ತಾಳೆ ಕತ್ತಿನದಕ್ಕಿಂತ ದಪ್ಪ, ಹಾಗಾಗಿ ಕತ್ತು-ಭುಜ ಸೇರುವ ಕಡೆ ಒಳಗೆ ಒಂದು ಬಳೆ ಏಳುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಹಾರಿಸಿದ ಕೇಸಿನ ಬಾಯಿಗೆ ಗುಂಡನ್ನು ಬೆರಳಲ್ಲೇ ಇಳಿಸಿ ನೋಡಿ, ಕೊನೆಯಲ್ಲಿ ತಡೆಯುತ್ತದೆ. ಗಿಡ್ಡ ಗುಂಡು ಆ ಬಳೆಯವರೆಗೆ ಹೋಗುವುದೇ ಇಲ್ಲ, ತೊಂದರೆ ಇಲ್ಲ. ನಾನು ಬಳಸುವುದು ಉದ್ದದ ಗುಂಡು, ಅದು ನೇರ ಬಳೆಯ ಮೇಲೆ ಕೂರುತ್ತದೆ. ಒಳಗೆ ಕೊರೆದು ತೆಗೆಯಬಹುದು. ಕೊರೆದೆ ಕೂಡ. ಎರಡು ಸಲ ಹಾರಿಸಿದ ಮೇಲೆ ಮತ್ತೆ ಸ್ವಲ್ಪ ತಲೆ ಎತ್ತಿತು.

ಕಾಯಿಸುವ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೇಸಿನ ಹಿತ್ತಾಳೆ 70 ಪಾಲು ತಾಮ್ರ, 30 ಪಾಲು ಸತು. ಬಡಿದಷ್ಟೂ, ಒತ್ತಿದಷ್ಟೂ ಗಟ್ಟಿಯಾಗಿ ಪೆಡಸಾಗುತ್ತದೆ. ಮೇಣದ ಬತ್ತಿಯಲ್ಲಿ ಮಾಡಿ ನೋಡಿದೆ: ಬುಡವನ್ನು ಬೆರಳಲ್ಲಿ ಹಿಡಿದು ಕತ್ತನ್ನು ಜ್ವಾಲೆಗೆ ಒಡ್ಡಿ ತಿರುಗಿಸುವುದು, ಬೆರಳು ಸುಡುವಾಗ ಬಿಡುವುದು. ಮಸಿಯ ಕಾಟ, ಮೇಲಾಗಿ ಹದ ಸಿಕ್ಕಿತೋ ಇಲ್ಲವೋ ಗೊತ್ತಾಗುವುದಿಲ್ಲ. ಗ್ಯಾಸ್ ಟಾರ್ಚ್ ವಾಸಿ. ತಟ್ಟೆಯಲ್ಲಿ ನೀರು ಹಾಕಿ ಬುಡ ಮುಳುಗುವಂತೆ ನಿಲ್ಲಿಸಿ, ಶಾಖ ತಿಳಿಸುವ ಬಣ್ಣವನ್ನು ಕತ್ತಿನ ಒಳಗೆ ಹಚ್ಚಿ, ಸುಮಾರು 400 ಡಿಗ್ರಿ ಸೆಲ್ಸಿಯಸ್‌ಗೆ ಅದು ಕರಗಿದ ತಕ್ಷಣ ಬೆಂಕಿ ತೆಗೆಯುತ್ತೇನೆ. ಬುಡಕ್ಕೆ ಆ ಶಾಖ ತಾಗಲೇಬಾರದು. ಒತ್ತಡ ತಡೆಯುವುದು ಬುಡ, ಅದು ಮೆತ್ತಗಾದರೆ ಆ ಕೇಸು ಮುಗಿಯಿತು. ನೀರು ಇರುವುದು ಶಾಖ ಕೆಳಗೆ ಇಳಿಯದಿರಲಿ ಅಂತ ಮಾತ್ರ. ಉಕ್ಕಿನ ಹಾಗೆ ಹಿತ್ತಾಳೆ ನೀರಿಗೆ ಹಾಕಿದರೆ ಗಟ್ಟಿಯಾಗುವುದಿಲ್ಲ.

ತೊಳೆಯುವಾಗಲೂ ಒಂದು ಎಚ್ಚರ. ಹತ್ತೊಂಬತ್ತನೇ ಶತಮಾನದಲ್ಲಿ ನಮ್ಮ ದೇಶದಲ್ಲಿದ್ದ ಬ್ರಿಟಿಷ್ ಸೇನೆಯ ತೋಟಾಗಳು ಮಳೆಗಾಲದಲ್ಲಿ ಸುಮ್ನೆ ಇಟ್ಟಲ್ಲೇ ಬಿರುಕು ಬಿಡುತ್ತಿದ್ದವು. ಮಳೆ ಮುಗಿಯುವವರೆಗೆ ಅವುಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರು. ಕುದುರೆ ಗಂಜಲದಿಂದ ಏಳುವ ಅಮೋನಿಯಾ, ತೇವದ ಗಾಳಿ, ತಯಾರಿಕೆಯಲ್ಲಿ ಹಿತ್ತಾಳೆಯೊಳಗೆ ಉಳಿದ ಬಿಗಿತ, ಮೂರೂ ಸೇರಿ ಲೋಹವನ್ನು ಸೀಳುತ್ತವೆ ಅನ್ನುವುದು 1921ರಲ್ಲಿ ಸ್ಪಷ್ಟವಾಯಿತು. ಹೊಳಪಿಗೆ ಅಂತ ಅಮೋನಿಯಾ ಇರುವ ಪಾಲಿಷ್ ಬಳಸುವವರು ಇದನ್ನು ನೆನಪಿಡಬೇಕು. ನಾನು ಬಿಸಿನೀರು, ಚೂರು ಪಾತ್ರೆ ಸೋಪು, ಚೂರು ಸಿಟ್ರಿಕ್ ಆಸಿಡ್ ಬಿಟ್ಟರೆ ಬೇರೇನೂ ಹಾಕುವುದಿಲ್ಲ.

ಈಗ ಯಾರಾದರೂ ಕೇಳಿದರೆ ಸರಿಯಾದ ಮುದ್ರೆಯ ದುಬಾರಿ ಕೇಸೇ ತೆಗೆದುಕೊಳ್ಳಿ ಅನ್ನುತ್ತೇನೆ. ಹತ್ತು ಸಲ ಬಂದರೆ ಒಂದೊಂದು ಗುಂಡಿಗೆ ಬೀಳುವ ಖರ್ಚು ಅಗ್ಗದ್ದಕ್ಕಿಂತ ಜಾಸ್ತಿ ಏನಿಲ್ಲ. ಅದು ಸಿಗದಿದ್ದರೆ ಒಳ್ಳೆಯ ಕಂಪನಿಯ ಹೊಸ .308 ತಂದು ಕತ್ತು ಕಿರಿದು ಮಾಡುವುದು, ಏಕೆಂದರೆ ಕಿರಿದು ಮಾಡಿದರೆ ಬಳೆಯ ಕಾಟ ಇಲ್ಲ, ಹೊಸ ಕೇಸಿಗೆ ಎಳೆದ ಗೋಡೆಯೂ ಇಲ್ಲ. .243 ದಾರಿಗೆ ನಾನು ಮತ್ತೆ ಹೋಗುವುದಿಲ್ಲ.

ಮಿಲಿಟರಿಯದ್ದರಲ್ಲಿ ಇನ್ನೂ ಹದಿನೈದು ಉಳಿದಿವೆ. ಅವುಗಳ ಬುಡದಲ್ಲಿರುವುದು 7.62ರ ಗುರುತು, ಕತ್ತು 7 ಎಂಎಂ. ಯಾರಾದರೂ ಮುದ್ರೆ ನಂಬಿ .308 ರೈಫಲ್‌ಗೆ ಹಾಕಿದರೆ ಅದು ಒಳಗೆ ಹೋಗಿಯೂ ಬಿಡುತ್ತದೆ. ಅದಕ್ಕೆ ಪ್ರತಿಯೊಂದರ ಬುಡಕ್ಕೂ ಕೆಂಪು ಮಾರ್ಕರ್ ಬಳಿದಿದ್ದೇನೆ, ಡಬ್ಬಿಯ ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ '7 ಎಂಎಂ-08, ಐದು ಸಲ ಆಗಿದೆ, ಕೊಕ್ಕೆ ಹಾಕಿ ನೋಡು' ಅಂತ ಬರೆದಿದ್ದೇನೆ.