ನೀಟ್ ಎಂಡಿಎಸ್ ನೋಟ್ಸ್ ಕೊಳ್ಳುವ ಮುಂಚೆ 24ನೇ ಹಲ್ಲಿನ ಪುಟ ತೆಗೆದು ನೋಡಿ

ಬೆಳಗಾವಿಯಲ್ಲಿ ದಂತವೈದ್ಯರ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್ ಎಂಡಿಎಸ್‌ಗೆ ಓದುತ್ತಿರುವವರು, ಬಾಗಲಕೋಟೆ ವಿಜಯಪುರ ಕಡೆ ಇಂಟರ್ನ್‌ಶಿಪ್ ಮುಗಿಸಿ ಇಲ್ಲಿ ರೂಮು ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ಊರೊಳಗೆ ಒಂದು ಸಣ್ಣ ಕ್ಲಾಸಿನವರು 'ಬೇಸಿಕ್ ಸೈನ್ಸ್ ಮತ್ತು ಟೂತ್ ಅನಾಟಮಿ ಪ್ಯಾಕೇಜ್' ಅಂತ ಸ್ಪೈರಲ್ ಬೈಂಡಿಂಗ್ ನೋಟ್ಸ್ ಮಾರುತ್ತಿದ್ದಾರೆ. ದೂರು ಕೊಟ್ಟಿದ್ದೇನೆ, ಅದಕ್ಕೇ ಹೆಸರು ಬರೆಯುತ್ತಿಲ್ಲ. ನಾನು ಕೊಟ್ಟಿದ್ದು 14,000 ರೂಪಾಯಿ. ಖಡೇಬಜಾರಿನ ಯಾವುದೇ ಝೆರಾಕ್ಸ್ ಅಂಗಡಿಯಲ್ಲಿ ಕೆಲವು ನೂರಕ್ಕೆ ಆಗುವ ಕೆಲಸ ಅದು.

ಕೊಳ್ಳುವ ಮುಂಚೆ ಬಿಚ್ಚಿ ನೋಡಲು ಬಿಡುವುದಿಲ್ಲ. ಪ್ಲಾಸ್ಟಿಕ್ ಸುತ್ತಿ ಇಟ್ಟಿರುತ್ತಾರೆ. 'ಓಪನ್ ಮಾಡಿದ್ರ ರಿಟರ್ನ್ ಇಲ್ರಿ ಮೇಡಂ' ಅಂತ ಮೊದಲೇ ಹೇಳಿಬಿಡುತ್ತಾರೆ. ಒಳಗೆ ಏನಿದೆ ಅನ್ನೋದು ಮನೆಗೆ ಹೋದ ಮೇಲೇ ಗೊತ್ತಾಗೋದು.

ಟೂತ್ ಅನಾಟಮಿ ಭಾಗದಲ್ಲಿ ಒಂದೊಂದು ಹಲ್ಲಿಗೆ ಒಂದೊಂದು ಪುಟ. 24 ಅಂತ ತಲೆಬರಹ ಇರುವ ಪುಟದಲ್ಲಿ ಹೀಗಿದೆ: ಒಂದೇ ಬೇರು, ಬಾಯಲ್ಲೇ ಅತಿ ಚಿಕ್ಕ ಹಲ್ಲು, ಮೀಸಿಯಲ್ (ಬಾಯಿಯ ಮಧ್ಯದ ಕಡೆಗಿನ), ಡಿಸ್ಟಲ್ (ಅದರ ಎದುರಿನ) ಎರಡೂ ಬದಿ ಹೆಚ್ಚುಕಡಿಮೆ ಒಂದೇ ಥರ. ಪ್ರತಿ ಹಲ್ಲಿಗೂ ಒಂದು ನಂಬರು ಇರುತ್ತದೆ, ನಮ್ಮಲ್ಲಿ 24 ಅಂದರೆ ಮೇಲಿನ ಎಡಗಡೆಯ ಮೊದಲ ಪ್ರೀಮೋಲಾರ್, ಅಂದರೆ ಕೋರೆಹಲ್ಲಿನ ಹಿಂದಿನ ಸಣ್ಣ ದವಡೆಹಲ್ಲು. ಅದಕ್ಕೆ ಸಾಮಾನ್ಯವಾಗಿ ಎರಡು ಬೇರು. ಫಸ್ಟ್ ಇಯರ್‌ನಲ್ಲಿ ಮೇಣದ ಬ್ಲಾಕ್ ಕೊರೆಯುವಾಗ ಅದರ ಮೀಸಿಯಲ್ ಬದಿಯ ತಗ್ಗು ಸರಿಯಾಗಿ ಬರಲಿಲ್ಲ ಅಂತ ನನ್ನ ರೆಕಾರ್ಡ್ ವಾಪಸ್ ಬಂದಿತ್ತು, ಹಾಗಾಗಿ ಆ ಹಲ್ಲನ್ನು ಸುಲಭವಾಗಿ ಮರೆಯೋಳಲ್ಲ ನಾನು.

ಪುಟವನ್ನು ಬೆಳಕಿಗೆ ಹಿಡಿದಾಗ ಗುಟ್ಟು ಬಯಲಾಯಿತು. 24 ಅಂಕಿಯ ಎಡಪಕ್ಕಕ್ಕೆ ವೈಟ್ನರ್ ಹಚ್ಚಿ ಝೆರಾಕ್ಸ್ ಮಾಡಿದ್ದಾರೆ. ಅದರಡಿ '#' ಗುರುತು ಮಸುಕಾಗಿ ಕಾಣುತ್ತದೆ. ಹಲ್ಲಿನ ಸಂಖ್ಯೆಗೆ ಹಾಗೆ ಗುರುತು ಹಾಕಿ ಬರೆಯುವುದು ಅಮೆರಿಕದವರ ರೂಢಿ. ಅವರದು ಯೂನಿವರ್ಸಲ್ ಪದ್ಧತಿ. ಮೇಲಿನ ಬಲಗಡೆಯ ಥರ್ಡ್ ಮೋಲಾರ್‌ನಿಂದ (ಕೊನೆಯ ದವಡೆಹಲ್ಲು) 1 ಶುರುವಾಗಿ ಮೇಲೆ ಎಡತುದಿಗೆ 16, ಅಲ್ಲಿಂದ ಕೆಳಗಿಳಿದು 17, ಕೊನೆಗೆ ಬಲಗಡೆ 32. ಆ ಲೆಕ್ಕದಲ್ಲಿ 24 ಅಂದರೆ ಕೆಳಗಿನ ಎಡಗಡೆಯ ಸೆಂಟ್ರಲ್ ಇನ್ಸೈಸರ್, ಅಂದರೆ ನಟ್ಟನಡುವಿನ ಮುಂದಿನ ಹಲ್ಲು. ನಾವು ಓದುವ ಎಫ್‌ಡಿಐ ಪದ್ಧತಿಯಲ್ಲಿ ಮೊದಲ ಅಂಕಿ ಬಾಯಿಯ ಯಾವ ಕಾಲುಭಾಗ ಅಂತ, ಎರಡನೆಯದು ಮಧ್ಯದಿಂದ ಎಷ್ಟನೇ ಹಲ್ಲು ಅಂತ. ಹಾಲುಹಲ್ಲಿನ ಪುಟಗಳದ್ದೂ ಇದೇ ಕಥೆ: ನಮ್ಮ 75 (ಕೆಳಗಿನ ಎಡಗಡೆಯ ಎರಡನೇ ಹಾಲು ದವಡೆಹಲ್ಲು) ಅಲ್ಲಿ 'ಕೆ' ಆಗಿದೆ.

ಇಡೀ ಸೆಟ್ಟು ಅಮೆರಿಕದ್ದೇ ಆಗಿದ್ದರೆ ಬೇಗ ಗೊತ್ತಾಗುತ್ತಿತ್ತು. ಆದರೆ ಹಿಂದಿನ ಪ್ರಶ್ನೋತ್ತರ ಭಾಗವನ್ನು ಇಲ್ಲಿಯ ಯಾವುದೋ ನೋಟ್ಸಿನಿಂದ ತಂದು ಸೇರಿಸಿದ್ದಾರೆ, ಅದು ಎಫ್‌ಡಿಐನಲ್ಲಿದೆ. ಒಂದೇ ಪುಸ್ತಕದಲ್ಲಿ 24ಕ್ಕೆ ಒಂದು ಕಡೆ ಒಂದು ಬೇರು, ಇನ್ನೊಂದು ಕಡೆ ಎರಡು! ರಾತ್ರಿ ಹನ್ನೆರಡು ಗಂಟೆಗೆ ಬಾಯಿಪಾಠ ಮಾಡುವವರ ತಲೆಯಲ್ಲಿ ಇದು ಹೇಗೆ ಕೂರಬೇಕು ಹೇಳಿ. ನೀಟ್ ಎಂಡಿಎಸ್‌ನ 240 ಪ್ರಶ್ನೆಗಳಲ್ಲಿ 100 ಪಾರ್ಟ್ ಎ, ಅಂದರೆ ಇವೇ ಬೇಸಿಕ್ ವಿಷಯಗಳು, ಡೆಂಟಲ್ ಅನಾಟಮಿ ಸೇರಿ. ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ತಪ್ಪು ಕಲಿತು ಧೈರ್ಯವಾಗಿ ಬರೆದವರಿಗೇ ಇಲ್ಲಿ ಜಾಸ್ತಿ ನಷ್ಟ.

ಬಾಗಲಕೋಟೆಯ ನನ್ನ ಗೆಳತಿಯದು ಇನ್ನೊಂದು ಥರದ ಮೋಸ. ಅವಳು ಅಮೆರಿಕಕ್ಕೆ ಹೋಗುವ ತಯಾರಿಯಲ್ಲಿದ್ದಾಳೆ. ಅಲ್ಲಿ ದಂತವೈದ್ಯರು ಲೈಸೆನ್ಸ್‌ಗೆ ಬರೆಯುವ ಪರೀಕ್ಷೆ ಐಎನ್‌ಬಿಡಿಇ. ಇದೇ ಸೆಟ್ಟನ್ನು ಅವಳಿಗೆ 'ಐಎನ್‌ಬಿಡಿಇ ಫುಲ್ ಕೋರ್ಸ್' ಅಂತ ಜಾಸ್ತಿ ಬೆಲೆಗೆ ಕೊಟ್ಟಿದ್ದಾರೆ. ರಟ್ಟಿನ ಮೇಲಿನ ಸ್ಟಿಕರ್ ಅಂಚು ಎದ್ದಿತ್ತು. ಅವಳು ಉಗುರಿನಿಂದ ಎತ್ತಿದರೆ ಕೆಳಗೆ ಹಳೇ 'ಎನ್‌ಬಿಡಿಇ ಪಾರ್ಟ್ 1'. ಐಎನ್‌ಬಿಡಿಇಗೆ ಮುಂಚೆ ಇದ್ದ ಆ ಪರೀಕ್ಷೆ 2020ಕ್ಕೇ ಮುಗಿದುಹೋಯಿತು. ಅದರಲ್ಲಿ ಅನಾಟಮಿ, ಬಯೋಕೆಮಿಸ್ಟ್ರಿ-ಫಿಸಿಯಾಲಜಿ, ಮೈಕ್ರೋಬಯಾಲಜಿ-ಪೆಥಾಲಜಿ, ಡೆಂಟಲ್ ಅನಾಟಮಿ ಮತ್ತು ಆಕ್ಲೂಷನ್ (ಮೇಲಿನ ಕೆಳಗಿನ ಹಲ್ಲುಗಳ ಹೊಂದಾಣಿಕೆ) ಅಂತ ನಾಲ್ಕು ಭಾಗ ಬೇರೆಬೇರೆ ಇದ್ದವು. ಈಗಿನ ಐಎನ್‌ಬಿಡಿಇಯಲ್ಲಿ 500 ಪ್ರಶ್ನೆ, ಎರಡು ದಿನ. ರೋಗಿಯ ವಯಸ್ಸು, ತೆಗೆದುಕೊಳ್ಳುವ ಮಾತ್ರೆ, ಹಲ್ಲಿನ ಸ್ಥಿತಿ ಎಲ್ಲಾ ಕೊಟ್ಟು ಅದರ ಮೇಲೆ ಕೇಳುತ್ತಾರೆ. ಅಲ್ಲಿ ಬೇಸಿಕ್ ಸೈನ್ಸ್ ಬೇಕೇ ಬೇಕು, ಆದರೆ ಕ್ಲಿನಿಕಲ್ ವಿಷಯದ ಜೊತೆ ಕಲೆತು ಬರುತ್ತದೆ. ಅವಳಿಗೆ ಸಿಕ್ಕ ಪುಸ್ತಕದಲ್ಲಿ ಹಲ್ಲಿನ ನಂಬರು ಸರಿ, ಪರೀಕ್ಷೆಯೇ ಇಲ್ಲ. ನನಗೆ ಪರೀಕ್ಷೆ ಇದೆ, ನಂಬರು ತಪ್ಪು.

ಕೇಳಲು ಹೋದಾಗ ಸಿಕ್ಕ ಉತ್ತರ: 'ಹಲ್ಲು ಹಲ್ಲೇ ಅಲ್ಲೇನ್ರಿ ಮೇಡಂ, ನಂಬರ್ ನೀವ ಹೊಂದಿಸ್ಕೋರಿ.' ಒಪಿಡಿಯಲ್ಲಿ ಹೀಗೆ ನಂಬರು ಹೊಂದಿಸಿಕೊಂಡು ಹಲ್ಲು ಕಿತ್ತರೆ ಏನಾಗುತ್ತದೆ ಅಂತ ಈ ಮನುಷ್ಯನಿಗೆ ಗೊತ್ತಿಲ್ಲದೆ ಇಲ್ಲ. ದುಡ್ಡು ವಾಪಸ್ ಕೇಳಿದರೆ, ಅದರ ಬದಲು 'ಹಿಂದಿನ ವರ್ಷದ ಒರಿಜಿನಲ್ ನೀಟ್ ಪೇಪರ್' ಕೊಡುತ್ತೇನೆ ಅಂದರು. ನೀಟ್ ಎಂಡಿಎಸ್ ನಡೆಸುವ ಎನ್‌ಬಿಇಎಂಎಸ್ ಪ್ರಶ್ನೆಪತ್ರಿಕೆ ಬಿಡುಗಡೆ ಮಾಡುವುದೇ ಇಲ್ಲ. ಒರಿಜಿನಲ್ ಅಂತ ಯಾರಾದರೂ ಮಾರಿದರೆ ಅದು ಪರೀಕ್ಷೆ ಬರೆದವರು ನೆನಪಿನಿಂದ ಹೇಳಿದ್ದು, ಇಲ್ಲಾ ಸುಮ್ನೆ ಕಟ್ಟಿದ್ದು.

ಕ್ಯಾಶ್ ಕೊಡಿ ಅಂತ ತುಂಬಾ ಒತ್ತಾಯ ಮಾಡುತ್ತಾರೆ. ಕೊಡಬೇಡಿ. ನಾನು ಫೋನ್‌ಪೇ ಮಾಡಿದ್ದರಿಂದಲೇ ಈಗ ಕೈಯಲ್ಲಿ ದಾಖಲೆ ಇದೆ. ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ಬರೆಸಿದೆ. ಅದು ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ.

ಅದೇ ಸೆಟ್ಟು ಈಗ ನೀಲಿ ರಟ್ಟಿನಲ್ಲಿ 'ನ್ಯೂ ಪ್ಯಾಟರ್ನ್' ಅಂತ ಬಂದಿದೆಯಂತೆ. ನಿಮ್ಮಲ್ಲಿ ಯಾರಾದರೂ ಕೊಂಡಿದ್ದರೆ 24ನೇ ಹಲ್ಲಿನ ಪುಟ, ರಟ್ಟು, ದುಡ್ಡು ಕೊಟ್ಟ ರಸೀದಿ ಮೂರರ ಫೋಟೊ ಕಳಿಸಿ. ನನ್ನ ದೂರಿನ ಜೊತೆ ಸೇರಿಸುತ್ತೇನೆ.